ಪ್ರತಿಜ್ಞೆಗೆ ಅಂಗಪರೀಕ್ಷೆಯಿಲ್ಲ

ಇಂಗ್ಲೆಂಡಿನ ಲೆಸ್ಟರ್ ನಗರದ ಸಂತ ಮಾರ್ಟಿನ್ನರ ದೇವಾಲಯದ ಹಳೆಯ ದಾಖಲೆ ಪುಸ್ತಕದಲ್ಲಿ 1576ನೆಯ ವರ್ಷದ ಫೆಬ್ರವರಿ ತಿಂಗಳಲ್ಲಿ ನಡೆದ ಒಂದು ಮದುವೆಯ ವಿವರವು ಅಸಾಧಾರಣವಾದ ವಿಸ್ತಾರದಿಂದ ಬರೆಯಲ್ಪಟ್ಟಿದೆ. ವರನ ಹೆಸರು ಥಾಮಸ್ ಟಿಲ್ಸಿ, ವಧುವಿನ ಹೆಸರು ಉರ್ಸುಲಾ ರಸೆಟ್. ವರನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತು ಬಾರದು. ಆ ಕಾಲದ ಆರಾಧನಾಕ್ರಮದಲ್ಲಾದರೋ ವಧೂವರರು ಗುರುವಿನ ಬಾಯಿಂದ ಕೇಳಿ ತಮ್ಮ ಬಾಯಿಂದ ನುಡಿಯತಕ್ಕ ಪ್ರತಿಜ್ಞೆಯೇ ವಿವಾಹದ ಮುಖ್ಯಾಂಶವಾಗಿತ್ತು. ಧರ್ಮಸಭೆಯ ಅಧಿಕಾರಿಗಳೂ ನಗರದ ಮೇಯರನೂ ಸಮ್ಮತಿಯಿತ್ತ ಮೇಲೆ ಥಾಮಸನು ನುಡಿಗೆ ಬದಲಾಗಿ ಸಂಜ್ಞೆಗಳಿಂದ ತನ್ನ ಪ್ರತಿಜ್ಞೆಯನ್ನು ಸಲ್ಲಿಸಿದನು. ಮೊದಲು ಅವಳನ್ನು ತೋಳುಗಳಿಂದ ಬಳಸಿದನು, ಕೈಹಿಡಿದನು, ಬೆರಳಿಗೆ ಉಂಗುರವನ್ನು ತೊಡಿಸಿದನು, ತನ್ನ ಎದೆಯ ಮೇಲೆ ಕೈಯಿಟ್ಟು, ಬಳಿಕ ಅವಳ ಎದೆಯ ಮೇಲಿಟ್ಟು, ಎರಡು ಕೈಗಳನ್ನೂ ಆಕಾಶದ ಕಡೆಗೆ ಎತ್ತಿದನು. ಸಾಯುವ ತನಕ ಜೊತೆಯಾಗಿ ಬಾಳುವೆನೆಂಬುದನ್ನು ಮಾತಿಲ್ಲದೆ ತಿಳಿಸುವುದು ಹೇಗೆ? ಅದಕ್ಕಾಗಿ ಅವನು ಕೈಗಳಿಂದ ತನ್ನ ಕಣ್ಣುಗಳನ್ನು ಮುಚ್ಚಿಕೊಂಡನು. ಗೋರಿ ತೋಡುವವನಂತೆ ಕಾಲಿನಿಂದ ನೆಲವನ್ನು ಕೆದಕಿದನು. ಗಂಟೆಯ ಹಗ್ಗವನ್ನು ಜಗ್ಗುವವನಂತೆ ಕೈಯಾಡಿಸಿದನು.

ಮುಂದೆ ಯಾರಾದರೂ ಈ ಮದುವೆಯನ್ನು ಪ್ರಶ್ನಿಸಿದರೆ ಉತ್ತರವು ಸಿದ್ಧವಾಗಿರಲೆಂದೇ ದಾಖಲೆಗಾರನು ಇಷ್ಟನ್ನೂ ಬರೆದಿಟ್ಟಿರಬೇಕು. ಅಂಗವಿಕಲರ ವಿವಾಹವನ್ನು ಕುರಿತು ಕ್ರೈಸ್ತಧರ್ಮವು ಹೇಳಬೇಕಾದ ಮಾತಿನ ಸಾರವೆಲ್ಲವೂ ಆ ಉತ್ತರದಲ್ಲಿ ಅಡಗಿದೆ. ಸ್ತ್ರೀಪುರುಷರಿಬ್ಬರು ತಿಳಿದು, ಒಪ್ಪಿ, ದೇವರ ಸನ್ನಿಧಿಯಲ್ಲಿ ಒಬ್ಬರಿಗೊಬ್ಬರು ತಮ್ಮನ್ನು ಕೊಟ್ಟುಕೊಳ್ಳುವ ಸಮ್ಮತಿಯೇ ವಿವಾಹದ ಪ್ರಾಣ. ಆ ಸಮ್ಮತಿಯು ನಾಲಗೆಯಿಂದ ಬಂದಿತೋ ಕೈಬೆರಳುಗಳಿಂದ ಬಂದಿತೋ ಎಂಬುದು ಗೌಣ. ಈ ತತ್ತ್ವವು ಲೆಸ್ಟರಿನಲ್ಲಿ ಹುಟ್ಟಿದುದಲ್ಲ. ಅದಕ್ಕಿಂತ ಸುಮಾರು ನಾಲ್ಕು ಶತಮಾನಗಳ ಹಿಂದೆ, 1198ರಲ್ಲಿ, ಮೂರನೆಯ ಇನ್ನೊಸೆಂಟ್ ಪೋಪರು ಫ್ರಾನ್ಸಿನ ಆರ್ಲ್ ನಗರದ ಮಹಾಧರ್ಮಾಧ್ಯಕ್ಷರ ಪ್ರಶ್ನೆಗೆ ಉತ್ತರವೀಯುತ್ತ, ಮಾತು ಬಾರದವರೂ ಕಿವಿ ಕೇಳದವರೂ ಸಂಜ್ಞೆಗಳ ಮೂಲಕ ವಿವಾಹವಾಗಬಹುದೆಂದು ತೀರ್ಪಿತ್ತಿದ್ದರು. ಇಂದು ಜಾರಿಯಲ್ಲಿರುವ 1983ರ ಕಥೋಲಿಕ ಧರ್ಮಸಂಹಿತೆಯೂ ಇದೇ ಜಾಡಿನಲ್ಲಿ ನಡೆಯುತ್ತದೆ: ನಿಯಮವು ನಿಷೇಧಿಸದ ಎಲ್ಲರಿಗೂ ವಿವಾಹವಾಗುವ ಹಕ್ಕುಂಟು, ಮಾತನಾಡಲಾರದವರು ಸಮಾನಾರ್ಥದ ಸಂಜ್ಞೆಗಳಿಂದ ಸಮ್ಮತಿಯನ್ನು ಸೂಚಿಸಬಹುದು, ದುಭಾಷಿಯ ಮೂಲಕವೂ ಮದುವೆ ನಡೆಯಬಹುದು, ಸಂತಾನವಾಗದೆಂಬುದು ವಿವಾಹಕ್ಕೆ ಅಡ್ಡಿಯೇ ಅಲ್ಲ. ದಾಂಪತ್ಯಸಂಬಂಧವು ಎಂದೆಂದಿಗೂ ಅಸಾಧ್ಯವೆಂಬುದು ಮದುವೆಗೆ ಮೊದಲೇ ನಿಶ್ಚಿತವಾಗಿದ್ದರೆ ಮಾತ್ರ ಆ ಸಂಹಿತೆಯು ವಿವಾಹವನ್ನು ಒಪ್ಪದು. ಬೆನ್ನುಹುರಿಗೆ ಪೆಟ್ಟಾದ ಕೆಲವರಿಗೆ ಈ ನಿಯಮವು ನೋವಿನದಾಗಿರುವುದು ನಿಜವಾದರೂ, ಆ ವಿಷಯದಲ್ಲಿ ಸಂದೇಹವಿರುವಾಗ ಮದುವೆಯನ್ನು ತಡೆಯಬಾರದೆಂದು ಅದೇ ಸಂಹಿತೆಯು ವಿಧಿಸಿರುವುದನ್ನು ಮರೆಯಬಾರದು. ನಮ್ಮ ದೇಶದ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಲ್ಲಿಯೂ ವಯಸ್ಸಿನ ನಿಯಮವುಂಟು, ಬದುಕಿರುವ ಪತಿ ಅಥವಾ ಪತ್ನಿ ಇರಬಾರದೆಂಬ ನಿಯಮವುಂಟು. ಕೈಕಾಲುಗಳು ಸರಿಯಾಗಿರಬೇಕೆಂಬ ನಿಯಮವು ಎಲ್ಲಿಯೂ ಇಲ್ಲ.

ಶಾಸ್ತ್ರವು ಇಷ್ಟು ಉದಾರವಾಗಿದ್ದರೂ ಮನೆಗಳಲ್ಲಿ ನಡೆಯುವ ಮಾತೇ ಬೇರೆ. 2011ರ ಜನಗಣತಿಯಂತೆ ಭಾರತದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದಾರೆ. ಕರ್ನಾಟಕವೊಂದರಲ್ಲಿಯೇ ಅವರ ಸಂಖ್ಯೆ 13 ಲಕ್ಷವನ್ನು ಮೀರಿದೆ. ಇವರ ಮದುವೆಯ ಪ್ರಸ್ತಾಪ ಬಂದಾಗ ನೆಂಟರಿಷ್ಟರು ಆಡುವ ಮಾತುಗಳು ಎಲ್ಲ ಜಾತಿ ಮತಗಳ ಮನೆಗಳಲ್ಲಿಯೂ ಹೆಚ್ಚುಕಡಮೆ ಒಂದೇ. “ಅವಳಿಗೇ ಒಬ್ಬರು ಆಸರೆ ಬೇಕು, ಅವಳು ಯಾರ ಸಂಸಾರ ನಡೆಸಿಯಾಳು?” “ತಂಗಿಯ ಮದುವೆಗೆ ಅಡ್ಡಿಯಾಗದಿದ್ದರೆ ಸಾಕು.” “ನಾಳೆ ಮಕ್ಕಳೂ ಹಾಗೆಯೇ ಹುಟ್ಟಿದರೆ?” ಹೆಂಗಸಾದರಂತೂ ಈ ತೀರ್ಪು ಇನ್ನೂ ಬೇಗ ಹೊರಬೀಳುತ್ತದೆ, ಕಾಲು ಕುಂಟಾದ ಗಂಡಿಗೆ ಬಡವರ ಮನೆಯ ಹೆಣ್ಣನ್ನು ತರುವ ತಾಯಿತಂದೆಗಳು, ಅದೇ ಸ್ಥಿತಿಯ ಮಗಳಿಗೆ ವರನನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ. ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವ ಕುಟುಂಬಗಳೂ ಇದಕ್ಕೆ ಹೊರತಲ್ಲ.

ಇಂಥ ತೀರ್ಪುಗಳ ಬುಡದಲ್ಲಿ ಒಂದು ಪುರಾತನವಾದ ಶಂಕೆ ಕುಳಿತಿರುತ್ತದೆ: ಅಂಗವೈಕಲ್ಯವು ಯಾವುದೋ ಪಾಪದ ಫಲವಾಗಿರಬೇಕೆಂಬ ಶಂಕೆ. ಯೇಸುಸ್ವಾಮಿಯ ಶಿಷ್ಯರಿಗೂ ಅದು ಇದ್ದಿತು. ಹುಟ್ಟುಕುರುಡನೊಬ್ಬನನ್ನು ಕಂಡು, ಇವನು ಹೀಗೆ ಹುಟ್ಟಲು ಪಾಪಮಾಡಿದವರು ಯಾರು, ಇವನೋ ಇವನ ತಾಯಿತಂದೆಗಳೋ ಎಂದು ಅವರು ಕೇಳಿದರೆಂದೂ, ಇಬ್ಬರೂ ಅಲ್ಲವೆಂದು ಯೇಸು ಉತ್ತರವಿತ್ತರೆಂದೂ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವು ಹೇಳುತ್ತದೆ. ಈ ಒಂದು ಉತ್ತರವನ್ನು ನಂಬುವ ಸಭೆಯಲ್ಲಿ ಅಂಗವಿಕಲನ ಸಂಬಂಧವೆಂದರೆ ಅಪಶಕುನವೆಂದೋ, ವಂಶಕ್ಕೆ ಕಳಂಕವೆಂದೋ ಭಾವಿಸಲು ಅವಕಾಶವೇ ಇಲ್ಲ.

ಸತ್ಯವೇದದ ಹಳೆಯ ಒಡಂಬಡಿಕೆಯಲ್ಲಿ ಇನ್ನೊಂದು ಕಥೆಯುಂಟು. ನಮ್ಮ ಸಭೆಗಳಲ್ಲಿ ಅದರ ಅರ್ಧಭಾಗ ಮಾತ್ರ ಪ್ರಸಿದ್ಧವಾಗಿದೆ. ಅರಸನಾದ ಸೌಲನೂ ಅವನ ಮಗ ಯೋನಾತಾನನೂ ಯುದ್ಧದಲ್ಲಿ ಮಡಿದ ಸುದ್ದಿ ಬಂದಾಗ, ಯೋನಾತಾನನ ಐದು ವರ್ಷದ ಮಗ ಮೆಫೀಬೋಶೆತನನ್ನು ದಾದಿಯು ಎತ್ತಿಕೊಂಡು ಓಡಿದಳು; ಅವಸರದಲ್ಲಿ ಮಗುವು ಕೆಳಗೆ ಬಿದ್ದು ಎರಡು ಕಾಲುಗಳೂ ಕುಂಟಾದವು. ಅವನು ಬೆಳೆದ ಮೇಲೆ ದಾವೀದನು ಅವನನ್ನು ಕರೆಸಿ, ಗೆಳೆಯನಿಗೆ ಕೊಟ್ಟ ಮಾತಿನಂತೆ, ರಾಜನ ಪಂಕ್ತಿಯಲ್ಲಿ ದಿನವೂ ಊಟಮಾಡುವ ಗೌರವವನ್ನಿತ್ತನು. ಪ್ರಸಂಗಗಳಲ್ಲಿ ಕೇಳಿಬರುವುದು ಇಷ್ಟು. ಆದರೆ ಸಮುವೇಲನ ಎರಡನೆಯ ಗ್ರಂಥದ ಅದೇ ಅಧ್ಯಾಯವು, ಮೆಫೀಬೋಶೆತನಿಗೆ ಮೀಕನೆಂಬ ಚಿಕ್ಕ ಮಗನಿದ್ದನೆಂದು ಒಂದು ಮಾತನ್ನು ಸೇರಿಸುತ್ತದೆ. ಅಂದರೆ ಅವನು ಮದುವೆಯಾಗಿ ಸಂಸಾರಸ್ಥನಾಗಿದ್ದನು. ಅವನ ಕಾಲುಗಳ ಸ್ಥಿತಿಯು ಅದಕ್ಕೆ ತಡೆಯಾಗಲಿಲ್ಲ. ಗ್ರಂಥಕರ್ತನಿಗೆ ಅದು ವಿಶೇಷವಾಗಿ ವಿವರಿಸಬೇಕಾದ ಸಂಗತಿಯಾಗಿಯೂ ತೋರಲಿಲ್ಲ. ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥದ ಎಂಟನೆಯ ಅಧ್ಯಾಯವು ಆ ವಂಶವನ್ನು ತಲೆಮಾರಿನಿಂದ ತಲೆಮಾರಿಗೆ ಎಣಿಸುತ್ತ ಹೋಗಿ, ಕೊನೆಗೆ ಊಲಾಮನ ಮಕ್ಕಳವರೆಗೆ ಬಂದು, ಅವರು ಪರಾಕ್ರಮಿಗಳಾದ ಬಿಲ್ಲುಗಾರರಾಗಿದ್ದರೆಂದೂ, ಮಕ್ಕಳು ಮೊಮ್ಮಕ್ಕಳು ಸೇರಿ 150 ಮಂದಿಯಿದ್ದರೆಂದೂ ಬರೆಯುತ್ತದೆ. ಸೌಲನ ಮನೆತನದಲ್ಲಿ ಯೋನಾತಾನನ ಕುಡಿಯನ್ನು ಉಳಿಸಿ ಬೆಳೆಸಿದವನು, ಎರಡು ಕಾಲೂ ಇಲ್ಲದಂತಾದ ಆ ಮಗನೇ. ಅಂಗವಿಕಲರಿಗೆ ಊಟವನ್ನಿಕ್ಕುವುದರಲ್ಲಿ ಕ್ರೈಸ್ತಸಭೆಯು ಹಿಂದೆಬಿದ್ದಿಲ್ಲ. ಪಂಕ್ತಿಯಲ್ಲಿ ಕುಳಿತವನಿಗೆ ಮನೆಮಡದಿಮಕ್ಕಳ ಆಸೆಯೂ ಇರಬಹುದೆಂಬುದನ್ನು ನೆನೆಯುವುದರಲ್ಲಿ ಮಾತ್ರ ಹಿಂದೆಬಿದ್ದಿದೆ.

ಪ್ರತಿಜ್ಞೆಯ ಮಾತಿಗೆ ಬರೋಣ. ಆಂಗ್ಲಿಕನ್ ಪರಂಪರೆಯಿಂದ ಬಂದು ನಮ್ಮ ದಕ್ಷಿಣ ಭಾರತದ ಸಭೆಗಳಲ್ಲಿಯೂ ಬಳಕೆಯಲ್ಲಿರುವ ವಿವಾಹಕ್ರಮದಲ್ಲಿ, ವಧೂವರರು ಸುಖದಲ್ಲಿ ಮಾತ್ರವಲ್ಲದೆ ಕಷ್ಟದಲ್ಲಿಯೂ, ಸಿರಿಯಲ್ಲಿ ಮಾತ್ರವಲ್ಲದೆ ಬಡತನದಲ್ಲಿಯೂ, ಆರೋಗ್ಯದಲ್ಲಿ ಮಾತ್ರವಲ್ಲದೆ ರೋಗದಲ್ಲಿಯೂ ಒಬ್ಬರನ್ನೊಬ್ಬರು ಕೈಬಿಡುವುದಿಲ್ಲವೆಂದು ವಚನ ಕೊಡುತ್ತಾರೆ. ಕಥೋಲಿಕರ ಪ್ರತಿಜ್ಞೆಯೂ ಇದೇ ಅರ್ಥದ್ದು. ಕಟ್ಟುಮಸ್ತಾದ ತರುಣನೂ ಚೆಲುವೆಯಾದ ತರುಣಿಯೂ ರೇಷ್ಮೆಯುಟ್ಟು ಈ ಮಾತುಗಳನ್ನು ನುಡಿಯುವಾಗ, ಪಾರ್ಶ್ವವಾಯು ಬಡಿದಾಗಲೂ, ಕಣ್ಣು ಮಂಜಾದಾಗಲೂ, ನೆನಪು ಅಳಿದು ಎದುರಿಗೆ ಕುಳಿತವರ ಹೆಸರೇ ಮರೆತುಹೋದಾಗಲೂ ಈ ಬಂಧವು ಸಡಿಲದೆಂದು ಅವರು ಸಾರುತ್ತಿರುತ್ತಾರೆ. ದೀರ್ಘಾಯುಷಿಗಳಾದ ಹೆಚ್ಚಿನ ದಂಪತಿಗಳಲ್ಲಿ ಒಬ್ಬರಾದರೂ ಒಂದಲ್ಲ ಒಂದು ದಿನ ಅಂಗಶಕ್ತಿಯನ್ನು ಕಳೆದುಕೊಳ್ಳುವವರೇ ಆಗಿರುವುದರಿಂದ, ಪ್ರತಿಯೊಂದು ಕ್ರೈಸ್ತ ವಿವಾಹವೂ ಅಂಗವೈಕಲ್ಯವನ್ನು ಮುಂದಾಗಿಯೇ ಒಪ್ಪಿಕೊಂಡ ವಿವಾಹವೆಂದು ಹೇಳಬೇಕು. ನಲವತ್ತು ವರ್ಷಗಳ ಬಳಿಕ ಬರಬಹುದಾದುದನ್ನು ಮೊದಲ ದಿನವೇ ತಿಳಿದು ಸ್ವೀಕರಿಸುವವರು ಈ ಪ್ರತಿಜ್ಞೆಯನ್ನು ಇತರರಿಗಿಂತ ಕಣ್ತೆರೆದು ಮಾಡುತ್ತಾರೆ, ಅಷ್ಟೆ.

ಇಂಥ ಪ್ರತಿಜ್ಞೆಯನ್ನು ಕಾಪಾಡಬೇಕಾಗಿದ್ದ ಸಭೆಯೇ ಅದನ್ನು ಮರೆತ ಕಾಲವೂ ಇತ್ತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಮನುಷ್ಯಕುಲವನ್ನು ಆಯ್ದು ಬೆಳೆಸಬೇಕೆಂಬ ಸುಸಂತಾನವಾದವು ವಿಜ್ಞಾನದ ವೇಷದಲ್ಲಿ ಬಂದಾಗ ಅನೇಕ ಧರ್ಮಗುರುಗಳು ಅದಕ್ಕೆ ಮನಸೋತರು. 1912ರಲ್ಲಿ ಷಿಕಾಗೋ ನಗರದ ಎಪಿಸ್ಕೋಪಲ್ ಪ್ರಧಾನ ದೇವಾಲಯದ ಡೀನ್ ಆಗಿದ್ದ ವಾಲ್ಟರ್ ಸಮ್ನರ್, ದೇಹ ಮನಸ್ಸುಗಳು ಸರಿಯಾಗಿವೆಯೆಂದು ವೈದ್ಯನ ಪ್ರಮಾಣಪತ್ರವನ್ನು ತಾರದ ಯಾರಿಗೂ ಮದುವೆ ಮಾಡಿಸುವುದಿಲ್ಲವೆಂದು ಘೋಷಿಸಿದರು. ಜರ್ಮನಿಯಲ್ಲಿ ಈ ವಿಚಾರವು ತನ್ನ ಘೋರರೂಪವನ್ನು ತಾಳಿತು: 1933ರ ಕಾನೂನಿನಿಂದ ಸುಮಾರು 4 ಲಕ್ಷ ಮಂದಿಗೆ ಬಲಾತ್ಕಾರವಾಗಿ ಸಂತಾನಶಕ್ತಿಹರಣ ಮಾಡಲಾಯಿತು; 1935ರ ಇನ್ನೊಂದು ಕಾನೂನು ಅಂಥವರಿಗೆ ವಿವಾಹವನ್ನೇ ನಿಷೇಧಿಸಿತು. ಈ ಅಲೆಗೆ ಎದುರಾಗಿ ನಿಂತ ಕ್ರೈಸ್ತ ವಾಣಿಗಳಲ್ಲಿ ಹನ್ನೊಂದನೆಯ ಪಯಸ್ ಪೋಪರು 1930ರ ಡಿಸೆಂಬರಿನಲ್ಲಿ ವಿವಾಹವನ್ನು ಕುರಿತು ಹೊರಡಿಸಿದ ವಿಶ್ವಪತ್ರವು ಮುಖ್ಯವಾದುದು. ದೋಷವುಳ್ಳ ಸಂತಾನವಾಗಬಹುದೆಂಬ ಊಹೆಯಿಂದ ಜನರಿಗೆ ವಿವಾಹವನ್ನು ನಿಷೇಧಿಸುವ ಅಧಿಕಾರವು ಸರ್ಕಾರಕ್ಕಿಲ್ಲವೆಂದೂ, ಕುಟುಂಬವು ರಾಜ್ಯಕ್ಕಿಂತ ಪವಿತ್ರವಾದುದೆಂದೂ ಅದು ಸಾರಿತು. ಅಂಥವರಿಗೆ ಮದುವೆ ಬೇಡವೆಂದು ಬುದ್ಧಿ ಹೇಳಬಹುದೆಂದು ಅದೇ ಪತ್ರದಲ್ಲಿದ್ದುದು ಇಂದು ನಮ್ಮ ಮನಸ್ಸಿಗೆ ಒಪ್ಪದಿದ್ದರೂ, ತಡೆಯುವ ಹಕ್ಕು ಯಾರಿಗೂ ಇಲ್ಲವೆಂಬ ಮಾತನ್ನು ಆ ಹೊತ್ತಿನಲ್ಲಿ ಹೇಳಿದುದು ಸಣ್ಣ ಧೈರ್ಯವಲ್ಲ.

ನಮ್ಮ ದೇಶದಲ್ಲಿ ಈ ವೈರುದ್ಧ್ಯವು ಕುಷ್ಠರೋಗಿಗಳ ವಿಷಯದಲ್ಲಿ ಎದ್ದುಕಾಣುತ್ತದೆ. ಊರಿನಿಂದ ಅಟ್ಟಲ್ಪಟ್ಟವರನ್ನು ಕರೆದು ಗಾಯ ತೊಳೆದವರು ಬಹುಮಟ್ಟಿಗೆ ಕ್ರೈಸ್ತ ಸೇವಕರೇ; ಮಂಗಳೂರಿನ ಕಂಕನಾಡಿಯಲ್ಲಿ ಗುರು ಆಗಸ್ಟಸ್ ಮುಲ್ಲರರು 1890ರಲ್ಲಿ ಆರಂಭಿಸಿದ ಕುಷ್ಠರೋಗಾಲಯವು ಆ ಕರುಣೆಗೆ ಸಾಕ್ಷಿಯಾಗಿದೆ. ಆದರೆ ಭಾರತದ ಅನೇಕ ಮಿಷನ್ ಆಶ್ರಮಗಳಲ್ಲಿ ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆ ಆವರಣಗಳಲ್ಲಿ ಇರಿಸುವ ಕಟ್ಟುನಿಟ್ಟು ಇತ್ತು, ಗಂಡಹೆಂಡಿರೂ ಅಗಲಬೇಕಾಗುತ್ತಿತ್ತು. ರೋಗವನ್ನು ಹರಡದಂತೆ ತಡೆಯಬೇಕೆಂಬ ಕಳವಳ ಅವರಿಗಿದ್ದುದು ಸಹಜ. ಆದರೂ ರೋಗದಲ್ಲಿಯೂ ಅಗಲೆವೆಂಬ ಪ್ರತಿಜ್ಞೆಯನ್ನು ಮಾಡಿಸಿದ ಧರ್ಮವೇ ರೋಗದ ಕಾರಣದಿಂದ ದಂಪತಿಗಳನ್ನು ಬೇರ್ಪಡಿಸಿದುದು ದುಃಖದ ಸಂಗತಿ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲಿ ಕುಷ್ಠವೂ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಅದನ್ನು ಸಂಸತ್ತು ತೆಗೆದುಹಾಕಿದುದು 2019ರಲ್ಲಿ, ರೋಗವು ಔಷಧಕ್ಕೆ ಸಂಪೂರ್ಣವಾಗಿ ಮಣಿಯತೊಡಗಿ ಹಲವು ದಶಕಗಳು ಕಳೆದ ಮೇಲೆ.

ಕಾನೂನಿಗಿಂತ ಬಲವಾದ ತಡೆ ಮನೆಯೊಳಗಿನದು. ಕಣ್ಣೂ ಕಿವಿಯೂ ಇಲ್ಲದೆ ಲೋಕವಿಖ್ಯಾತಳಾದ ಹೆಲೆನ್ ಕೆಲ್ಲರಳಿಗೆ 1916ರಲ್ಲಿ ಮೂವತ್ತಾರು ವರ್ಷ. ಅವಳಿಗೆ ಸಹಾಯಕನಾಗಿ ಬಂದ ಪೀಟರ್ ಫೇಗನ್ ಎಂಬ ಪತ್ರಕರ್ತನು, ಅಂಗೈಯಲ್ಲಿ ಬೆರಳುಗಳಿಂದ ಅಕ್ಷರ ಮೂಡಿಸುವ ಭಾಷೆಯನ್ನು ಕಲಿತು ಅವಳೊಡನೆ ಮಾತಾಡುತ್ತಿದ್ದನು. ಇಬ್ಬರೂ ಮದುವೆಯಾಗಲು ನಿಶ್ಚಯಿಸಿ ಬಾಸ್ಟನ್ನಿನಲ್ಲಿ ಪರವಾನಗಿಗೆ ಅರ್ಜಿಯನ್ನೂ ಹಾಕಿದರು. ಸುದ್ದಿ ಪತ್ರಿಕೆಯಲ್ಲಿ ಬಂದೊಡನೆ ತಾಯಿಯೂ ಮನೆಯವರೂ ಅದನ್ನು ಮುರಿದುಹಾಕಿದರು. ದೇಶದೇಶಗಳ ಜನರು ಯಾರ ವಿವೇಕವನ್ನು ಗೌರವಿಸಿದರೋ ಅವಳಿಗೆ ತನ್ನ ಬಾಳಸಂಗಾತಿಯನ್ನು ಆರಿಸಿಕೊಳ್ಳುವ ವಿವೇಕವಿಲ್ಲವೆಂದು ಅವಳನ್ನು ಅತ್ಯಂತ ಪ್ರೀತಿಸಿದವರೇ ತೀರ್ಮಾನಿಸಿದರು. ಪ್ರೀತಿಯ ಹೆಸರಿನಲ್ಲಿ ನಡೆಯುವ ಈ ಅನ್ಯಾಯವನ್ನು ಗುರುತಿಸುವುದೇ ಕಷ್ಟ.

ಮದುವೆಗೆ ಒಪ್ಪಿದ ಮನೆಗಳಲ್ಲಿಯೂ ಇನ್ನೊಂದು ಬಗೆಯ ತಪ್ಪು ನುಸುಳುವುದುಂಟು. ಅಂಗವಿಕಲಳನ್ನು ಕೈಹಿಡಿದವನನ್ನು ತ್ಯಾಗಮೂರ್ತಿಯೆಂದು ವೇದಿಕೆಯ ಮೇಲೆ ಕೂರಿಸಿ ಹಾರ ಹಾಕಿದರೆ, ಪಕ್ಕದಲ್ಲಿ ಕುಳಿತ ಹೆಂಡತಿಯ ಪಾಲಿಗೆ ಉಳಿಯುವುದು ದಾನವನ್ನು ಪಡೆದವಳ ಸ್ಥಾನ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ, ಗಂಡನ ದೇಹದ ಮೇಲೆ ಹೆಂಡತಿಗೂ ಹೆಂಡತಿಯ ದೇಹದ ಮೇಲೆ ಗಂಡನಿಗೂ ಸರಿಸಮನಾದ ಅಧಿಕಾರವನ್ನು ಹೇಳಿದ್ದಾನೆ. ಕೊಡುವವರು ಪಡೆಯುವವರೆಂಬ ಎರಡು ಪಂಗಡ ಅಲ್ಲಿಲ್ಲ. ಅಮೆರಿಕದ ಜೋನಿ ಎರಿಕ್ಸನ್ ಟಾಡಾ ಅವರ ಬಾಳು ಇದಕ್ಕೆ ನಿದರ್ಶನ. 1967ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ನೀರಿಗೆ ಧುಮುಕುವಾಗ ಕತ್ತಿನ ಮೂಳೆ ಮುರಿದು ಅವರ ಕೈಕಾಲುಗಳೆರಡೂ ಸ್ವಾಧೀನ ತಪ್ಪಿದವು. 1982ರಲ್ಲಿ ಕೆನ್ ಟಾಡಾ ಅವರೊಡನೆ ವಿವಾಹವಾಯಿತು. ಮದುವೆಯ ದಿನ ತಮ್ಮ ಗಾಲಿಕುರ್ಚಿಯ ಚಕ್ರವು ಉಡುಪಿನ ಅಂಚಿನ ಮೇಲೆ ಹರಿದು ಎಣ್ಣೆಯ ಕಲೆಯಾಯಿತೆಂದೂ, ಮಡಿಲಿನ ಹೂಗುಚ್ಛವು ಓರೆಯಾಗಿ ಜಾರಿತ್ತೆಂದೂ, ಇತರ ವಧುಗಳಂತೆ ತಾನಿಲ್ಲವೆಂಬ ಆ ಸಂಕೋಚವೆಲ್ಲವೂ ಎದುರಿಗೆ ಕಾದುನಿಂತ ವರನ ಮುಖವನ್ನು ಕಂಡಾಗ ಹಾರಿಹೋಯಿತೆಂದೂ ಅವರು ಹೇಳಿಕೊಂಡಿದ್ದಾರೆ. ಆದರೆ ಆ ದಂಪತಿಗಳು ಮುಂದಿನ ವರ್ಷಗಳ ಕಷ್ಟವನ್ನೂ ಮುಚ್ಚಿಡಲಿಲ್ಲ: ತೀರದ ದೇಹನೋವು, ಪ್ರತಿರಾತ್ರಿಯ ಶುಶ್ರೂಷೆಯಿಂದ ಬಳಲಿದ ಗಂಡನ ಮನಸ್ಸಿನ ಕುಗ್ಗು, 2010ರಲ್ಲಿ ತೋರಿದ ಕ್ಯಾನ್ಸರು, ಅದರ ನಡುವೆ ಇಬ್ಬರೂ ಮತ್ತೆ ಹತ್ತಿರವಾದ ಬಗೆ, ಎಲ್ಲವನ್ನೂ 2013ರ ಪುಸ್ತಕವೊಂದರಲ್ಲಿ ಬಿಚ್ಚಿಟ್ಟರು. ಎಲ್ಲ ದಾಂಪತ್ಯವೂ ಹೀಗೆ ನೆರವೇರಬೇಕೆಂದಿಲ್ಲ. ಸಾವಿರಾರು ಭಕ್ತಿಗೀತೆಗಳನ್ನು ರಚಿಸಿದ ಅಂಧಕವಯಿತ್ರಿ ಫ್ಯಾನಿ ಕ್ರಾಸ್ಬಿ, ತನ್ನಂತೆಯೇ ಕಣ್ಣಿಲ್ಲದ ಸಂಗೀತಗಾರ ಅಲೆಕ್ಸಾಂಡರ್ ವ್ಯಾನ್ ಆಲ್‌ಸ್ಟೈನನನ್ನು 1858ರಲ್ಲಿ ಮದುವೆಯಾದಳು. ಹುಟ್ಟಿದ ಮಗುವೊಂದು ಎಳವೆಯಲ್ಲಿಯೇ ತೀರಿಕೊಂಡಿತು. ಮುಂದೆ ಆ ದಂಪತಿಗಳು ಬಹುಕಾಲ ಬೇರೆಯಾಗಿಯೇ ವಾಸಿಸಿದರು. ಕಣ್ಣುಳ್ಳವರ ಸಂಸಾರಗಳಲ್ಲಿಯೂ ಇಂಥದು ನಡೆಯುತ್ತದೆ. ಅದರಿಂದ ಕಣ್ಣುಳ್ಳವರು ಮದುವೆಗೆ ಅಯೋಗ್ಯರೆಂದು ಯಾರೂ ಹೇಳುವುದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಬೌದ್ಧಿಕ ನ್ಯೂನತೆಯುಳ್ಳವರ ಪ್ರಶ್ನೆ. ಸಮ್ಮತಿಯೇ ವಿವಾಹದ ಪ್ರಾಣವಾದ ಮೇಲೆ, ಸಮ್ಮತಿಸಲು ಬೇಕಾದ ತಿಳಿವಳಿಕೆಯೂ ಬೇಕು. ವಿವಾಹದ ಮುಖ್ಯ ಹೊಣೆಗಳನ್ನು ಅರಿಯಲು ಅಥವಾ ಹೊರಲು ತೀರ ಅಶಕ್ತರಾದವರ ಸಮ್ಮತಿಯನ್ನು ಕಥೋಲಿಕ ಧರ್ಮಸಂಹಿತೆಯು ಒಪ್ಪುವುದಿಲ್ಲ. ದುರ್ಬಲರನ್ನು ವಂಚನೆಯಿಂದ ಕಾಪಾಡುವುದು ಅದರ ಉದ್ದೇಶ, ಅದು ಸಾಧುವೂ ಹೌದು. ಆದರೆ ಅರಿವಿನ ವಿಷಯದಲ್ಲಿ ಆ ನಿಯಮವು ಕೇಳುವುದು ಮದುವೆಯೆಂದರೇನು ಎಂಬ ಮೂಲಭೂತವಾದ ತಿಳಿವಳಿಕೆಯನ್ನು ಮಾತ್ರ. ಓದುಬರಹ ಬಾರದಿದ್ದರೂ, ಲೆಕ್ಕ ತಪ್ಪಿದರೂ, ತಾನು ಯಾರನ್ನು ಮೆಚ್ಚಿದ್ದೇನೆ, ಅವರೊಡನೆ ಕಡೆತನಕ ಇರಬೇಕೆಂದರೇನು, ನಂಬಿಕೆಗೆ ದ್ರೋಹ ಬಗೆಯಬಾರದೆಂದರೇನು ಎಂಬುದನ್ನು ಬಲ್ಲವರು ಅನೇಕರಿದ್ದಾರೆ. ಅವರಿಗೆ ನಿಧಾನವಾಗಿ, ಸರಳವಾದ ಮಾತಿನಲ್ಲಿ, ಚಿತ್ರಗಳ ಮೂಲಕ, ಹಲವು ಸಲ ವಿವರಿಸಿದ ಮೇಲೆಯೇ ತೀರ್ಮಾನಕ್ಕೆ ಬರಬೇಕಾದುದು ನ್ಯಾಯ. ಒಂದು ಪ್ರಮಾಣಪತ್ರವನ್ನು ನೋಡಿ ಬಾಗಿಲನ್ನು ಮುಚ್ಚಿಬಿಡುವುದು ಅನ್ಯಾಯ. ಇದರ ಮಗ್ಗುಲಲ್ಲಿಯೇ, ತಮ್ಮ ಕಾಲವಾದ ಮೇಲೆ ಮಗನನ್ನು ನೋಡಿಕೊಳ್ಳಲು ಯಾರಾದರೂ ಬೇಕೆಂಬ ಒಂದೇ ಕಾರಣದಿಂದ, ಅವನ ಸ್ಥಿತಿಯನ್ನು ಮರೆಮಾಚಿ ಬಡ ಹುಡುಗಿಯೊಬ್ಬಳನ್ನು ತಂದು ಕಟ್ಟುವ ತಾಯಿತಂದೆಗಳಿಗೂ ಹೇಳಬೇಕಾದ ಮಾತುಂಟು: ಮರೆಮಾಚಿ ಪಡೆದ ಸಮ್ಮತಿಯು ಸಮ್ಮತಿಯೇ ಅಲ್ಲ.

ಮದುವೆಯೇ ಬಾಳಿನ ಪರಮಸಿದ್ಧಿಯೆಂದೂ ಕ್ರೈಸ್ತಧರ್ಮವು ಬೋಧಿಸುವುದಿಲ್ಲ. ಯೇಸುಸ್ವಾಮಿಯೇ ಅವಿವಾಹಿತರು, ಪೌಲನು ಅವಿವಾಹಿತ ಸ್ಥಿತಿಯನ್ನು ದೇವರ ವರವೆಂದು ಕರೆದನು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಡಾಕ್ಟರ್ ಮೇರಿ ವರ್ಗೀಸ್, 1954ರ ವಾಹನ ಅಪಘಾತದಲ್ಲಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ, ಅಂಗವಿಕಲರ ಪುನರ್ವಸತಿ ವಿಭಾಗವನ್ನು ಕಟ್ಟಿ ಬೆಳೆಸಿದರು. ಅಂಥ ಪೂರ್ಣವಾದ ಬಾಳು ಮದುವೆಯ ನೆರವಿಲ್ಲದೆಯೂ ಸಾಧ್ಯ. ಆದರೆ ವರವೆಂಬುದು ಕರೆಯಾಗಿ ಬರಬೇಕು, ಇತರರ ಅಪ್ಪಣೆಯಾಗಿ ಬರಬಾರದು. ಬೇಡವೆಂದು ಬಿಟ್ಟವರಿಗೂ, ಬೇಕಾದುದು ದೊರೆಯದಂತೆ ತಡೆಯಲ್ಪಟ್ಟವರಿಗೂ ಇರುವ ಅಂತರವನ್ನು ಸಭೆಯು ಮಸಕು ಮಾಡಬಾರದು.

ಹಾಗಾದರೆ ನಮ್ಮ ಊರಿನ ಸಭೆಯು ಮಾಡಬಹುದಾದುದೇನು? ವೇದಿಯ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿ ಏರುವಂತೆ ಇಳಿಜಾರು ಕಟ್ಟಿಸಬಹುದು. ಮದುವೆಯ ದಿನ ಸಂಜ್ಞಾಭಾಷೆ ಬಲ್ಲವರೊಬ್ಬರನ್ನು ಗುರುವಿನ ಪಕ್ಕದಲ್ಲಿ ನಿಲ್ಲಿಸಬಹುದು. ವಿವಾಹಪೂರ್ವ ತರಬೇತಿಯ ಪುಸ್ತಕವನ್ನು ಬ್ರೈಲ್ ಲಿಪಿಯಲ್ಲಿಯೂ ಧ್ವನಿಮುದ್ರಣದಲ್ಲಿಯೂ ಒದಗಿಸಬಹುದು. ಯುವಕಯುವತಿಯರ ಕೂಟಗಳಿಗೆ ಅಂಗವಿಕಲರನ್ನೂ ತಪ್ಪದೆ ಕರೆಯಬಹುದು, ಏಕೆಂದರೆ ಪರಿಚಯವೇ ಇಲ್ಲದವರಲ್ಲಿ ಪ್ರೀತಿ ಹುಟ್ಟುವುದೆಲ್ಲಿಂದ? ಮದುವೆಯಾದ ಮೇಲೆ ಆ ಮನೆಯ ಶುಶ್ರೂಷೆಯ ಹೊರೆಯನ್ನು ವಾರಕ್ಕೊಂದು ಹೊತ್ತಾದರೂ ಹಂಚಿಕೊಳ್ಳಬಹುದು. ಮದುವೆಯಾಗಿ ಕುಟುಂಬ ಕಟ್ಟುವ ಹಕ್ಕನ್ನು ವಿಶ್ವಸಂಸ್ಥೆಯ 2006ರ ಒಪ್ಪಂದವು ಅಂಗವಿಕಲರಿಗೆ ಮಾನ್ಯಮಾಡಿದೆ. ಮರುವರ್ಷವೇ ಭಾರತವೂ ಅದನ್ನು ಅಂಗೀಕರಿಸಿತು. 2016ರ ನಮ್ಮ ಕಾಯಿದೆಯು ಸಂತಾನ ಮತ್ತು ಕುಟುಂಬಯೋಜನೆಯ ವಿಷಯದಲ್ಲಿ ಅವರಿಗೆ ಬೇಕಾದ ಮಾಹಿತಿಯು ದೊರೆಯಬೇಕೆಂದು ವಿಧಿಸಿದೆ. ಕಾನೂನು ಬಾಗಿಲನ್ನು ತೆರೆದಿಡಬಲ್ಲದು. ಒಳಗೆ ಕರೆದು ಕೂರಿಸುವ ಕೆಲಸ ನೆರೆಹೊರೆಯದು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ, ಹಣಕಾಸಿನ ಖರ್ಚಿಲ್ಲದ ಕೆಲಸವೊಂದುಂಟು. ಪ್ರಾಪ್ತವಯಸ್ಕರಾದ ಅಂಗವಿಕಲ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು, “ನಿನ್ನ ಮನಸ್ಸಿನಲ್ಲಿ ಏನಿದೆ?” ಎಂದು ಕೇಳುವುದು, ಉತ್ತರವು ಮಾತಿನಲ್ಲಿ ಬರಲಿ, ಸಂಜ್ಞೆಯಲ್ಲಿ ಬರಲಿ, ಬರೆದ ಚೀಟಿಯಲ್ಲಿ ಬರಲಿ, ಪೂರ್ತಿಯಾಗಿ ಕೇಳಿಸಿಕೊಳ್ಳುವುದು. ಬೇಕೆಂದರೆ ಬೇಕು, ಬೇಡವೆಂದರೆ ಬೇಡ. ಸಮ್ಮತಿಯನ್ನೇ ವಿವಾಹದ ಪ್ರಾಣವೆಂದು ನಂಬುವ ಧರ್ಮದಲ್ಲಿ, ಆ ಪ್ರಶ್ನೆಯನ್ನು ಕೇಳದೆಯೇ ಅವರ ಬಾಳನ್ನು ಗೊತ್ತುಮಾಡಿಬಿಡುವ ಅಧಿಕಾರವು ತಾಯಿತಂದೆಗಳಿಗೂ ಇಲ್ಲ, ಗುರುವಿಗೂ ಇಲ್ಲ, ಸಭೆಗೂ ಇಲ್ಲ.